ಪಾಸ್‌ಪೋರ್ಟ್ ಸೈಜಿನ ಗೆಳೆಯ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಫೋಟೋ ಸ್ಟುಡಿಯೊದವರ ಮಗಳ ಬಾಯಿಂದ ಹೋದ ಮಾತು ಇಷ್ಟೇ: "ನಂಗೂ ಒಬ್ಬ ಇದಾನೆ." ಗೆಳತಿಯರಿಬ್ಬರೂ ತಮ್ಮ ತಮ್ಮ ಹುಡುಗರ ಗುಣಗಾನ ಮಾಡಿ ತಿಂಗಳಿಂದ ತಲೆ ತಿಂದಿದ್ದರು. ಹದಿನೇಳರ ಜೀವ, ಎಷ್ಟು ಅಂತ ತಡೆದುಕೊಂಡೀತು? ಈಗ ಶನಿವಾರ ಸಂಜೆ ಐದಕ್ಕೆ ಅವನ ಫೋಟೋ ನೋಡಲು ಇಬ್ಬರೂ ಸ್ಟುಡಿಯೊಗೇ ಬರುವವರಿದ್ದರು. ತೋರಿಸದಿದ್ದರೆ ಸೋಮವಾರ ಕಾಲೇಜಿನಲ್ಲಿ ತಲೆಯೆತ್ತಿ ಓಡಾಡುವ ಹಾಗಿರಲಿಲ್ಲ.

ಹುಡುಗ ಇಲ್ಲದಿದ್ದರೇನಂತೆ, ಕಂಪ್ಯೂಟರ್ ಇತ್ತು. ಅದರ ಹೊಟ್ಟೆಯಲ್ಲಿ ಹತ್ತು ವರ್ಷಗಳ ಪಾಸ್‌ಪೋರ್ಟ್ ಫೋಟೋಗಳಿದ್ದವು, ಮುಖಗಳನ್ನು ಬೆರೆಸಿ ಹೊಸ ಮುಖ ಮಾಡಿಕೊಡುವ ಆ್ಯಪ್ ಕೂಡ ಇತ್ತು. ಅವಳು ಬ್ಯಾಂಕಿನ ಗುಮಾಸ್ತರ ಮೂಗು, ಈಜು ಕಲಿಸುವವರ ಗದ್ದ, ಯಾರೋ ವಕೀಲರ ಹುಬ್ಬು ಆರಿಸಿಕೊಟ್ಟಳು. ಹುಡುಗ ಚೆಲುವನಾಗಿಯೇ ಬಂದ. ಆದರೆ ಪಾಸ್‌ಪೋರ್ಟ್ ಫೋಟೋದಲ್ಲಿ ಯಾರೂ ನಗುವಂತಿಲ್ಲವಲ್ಲ, ಇವನೂ ನಗಲೊಲ್ಲ. ಪೊಲೀಸರು ಹುಡುಕುತ್ತಿರುವ ಆಸಾಮಿಯ ಹಾಗೆ ಅವಳನ್ನೇ ದುರುಗುಟ್ಟಿದ.

ಒಂದೇ ಒಂದು ನಗುವಿಗಾಗಿ ಶನಿವಾರ ಮಧ್ಯಾಹ್ನವೆಲ್ಲ ಜಾಲಾಡಿದಳು. ಕೊನೆಗೆ ಸಿಕ್ಕಿದ್ದು ಅಪ್ಪ ಅಳಿಸಲು ಮರೆತಿದ್ದ ಹನ್ನೊಂದು ಕೆಟ್ಟ ಫೋಟೋಗಳು. ಸೈಕಲ್ ರಿಪೇರಿ ಅಂಗಡಿಯವರ ಮಗ ಮೊನ್ನೆ ಬಂದಿದ್ದ, ಅವಳದೇ ವಯಸ್ಸಿನವನು. ಅಪ್ಪ "ನಗಬೇಡಪ್ಪ" ಎಂದಷ್ಟೂ ಅವನಿಗೆ ನಗು ಉಕ್ಕುತ್ತಿತ್ತು. ಸುಸ್ತಾದ ಅಪ್ಪ, ಶನಿವಾರ ಬಾ ಎಂದು ಸಾಗಹಾಕಿದ್ದರು. ಹನ್ನೊಂದರಲ್ಲೂ ಬಾಯಿ ಕಿವಿತನಕ, ಒಂದು ಹಲ್ಲು ಕೊಂಚ ಸೊಟ್ಟ.

ಆ ಬಾಯಿಯನ್ನು ತಂದು ಕೂಡಿಸಿದಳು. ನಗು ಚೆನ್ನಾಗಿತ್ತು, ಸುತ್ತಲಿನದೆಲ್ಲ ಬಾಡಿಗೆಗೆ ತಂದಂತೆ ಕಂಡಿತು. ಹಾಗಾಗಿ ಆ ಹನ್ನೊಂದನ್ನೂ ಪಕ್ಕದಲ್ಲಿ ಹರಡಿಕೊಂಡು ಮತ್ತೆ ನೋಡತೊಡಗಿದಳು. ನೋಡುತ್ತ ನೋಡುತ್ತ ತಾನೂ ನಕ್ಕಳು. ಯಾಕೋ ಬಹಳ ಸಂತೋಷವಾಗಿತ್ತು, ಗಡಿಯಾರದ ಕಡೆ ಗಮನವೇ ಇರಲಿಲ್ಲ.

"ಅದು ನನ್ ಹಲ್ಲಲ್ವಾ?"

ಬೆನ್ನ ಹಿಂದೆ ಅವನೇ ನಿಂತಿದ್ದ. ಅವನ ಹಿಂದೆ ಗೆಳತಿಯರಿಬ್ಬರೂ ಬಾಗಿಲು ತಳ್ಳಿಕೊಂಡು ಬಂದರು, ಕಂಪ್ಯೂಟರ್ ಪರದೆಯನ್ನೂ ಅವನನ್ನೂ ನೋಡಿ ಕಣ್ಣರಳಿಸಿದರು.

"ಇವನೇನಾ?" ಎಂದಳು ಒಬ್ಬಳು.

ಸುಮ್ಮನೆ ತಲೆಯಾಡಿಸಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಪಾಪ, ಫೋಟೋ ತೆಗೆಸಲು ಬಂದವನ ತಲೆಗೆ ತನ್ನ ಸುಳ್ಳನ್ನು ಕಟ್ಟಲು ಅವಳಿಗೆ ಮನಸ್ಸು ಬರಲಿಲ್ಲ.

"ಅಲ್ಲ ಕಣ್ರೇ. ಯಾರೂ ಇಲ್ಲ, ಸುಳ್ಳು ಹೇಳಿದ್ದೆ. ಪರದೆ ಮೇಲಿರೋನನ್ನ ನಾನೇ ಮಾಡಿದ್ದು. ಮೂಗು ಬ್ಯಾಂಕಿನವರದು, ಹಲ್ಲು ಇವನದು."

ಗೆಳತಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳ ಕಿವಿ ಕೆಂಪಾಯಿತು, ಎದೆ ಮಾತ್ರ ಹಗುರವಾಯಿತು. ಒಳಗಿಂದ ಅಪ್ಪ ಕರೆದರು. ಹುಡುಗ ಹೋಗಿ ಬಿಳಿ ಪರದೆಯ ಮುಂದೆ ಸ್ಟೂಲಿನ ಮೇಲೆ ಕೂತ. ಅವಳು ದೀಪ ಸರಿಮಾಡಲು ಹೋದಳು. ಈ ಸಲ ಅವನ ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ. ಅಪ್ಪ ಖುಷಿಯಿಂದ ಕ್ಯಾಮೆರಾ ಎತ್ತಿದರು.

"ನಿಜವಾಗ್ಲೂ ಯಾರೂ ಇಲ್ವಾ?" ಎಂದು ಅವನು ಮೆಲ್ಲಗೆ ಕೇಳಿದ.

"ಇಲ್ಲ," ಎಂದಳು.

ಅವನ ಬಾಯಿ ಅಗಲವಾಗುತ್ತ ಹೋಯಿತು. ಅಪ್ಪ ನಿಟ್ಟುಸಿರಿಟ್ಟು ಕ್ಯಾಮೆರಾ ಕೆಳಗಿಟ್ಟರು.

"ಪರವಾಗಿಲ್ಲ," ಎಂದಳು ಅವಳು. "ನಾಳೆ ಬಾ. ನಾಳೆನೂ ಸರಿ ಬರ್ಲಿಲ್ಲ ಅಂದ್ರೆ ನಾಳಿದ್ದು ಬಾ."