ಯಾರೂ ತುಳಿಯದ ಹಲಗೆ

ಅಂದಾನೆಪ್ಪ ಬೇರಿಂಗಿಗೆ ಮತ್ತೊಮ್ಮೆ ಎಣ್ಣೆ ಬಿಟ್ಟ. ಬೇಕಿರಲಿಲ್ಲ. ಶೇಂಗಾ ಒಡೆಯುವ ಆ ಯಂತ್ರದಲ್ಲಿ ರಿಪೇರಿ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಅದನ್ನು ತುಳಿಯುವವರು ಇರಲಿಲ್ಲ, ಅಷ್ಟೆ.

ಅವನು ಓದುವ ಹುಬ್ಬಳ್ಳಿಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಹೊಸದಾಗಿ ಬಂದ ಪಾಠವಿದು: ಹಳ್ಳಿಗೆ ಹೋಗಬೇಕು, ಅಲ್ಲಿಯವರಿಗೆ ಬೇಕಾದ್ದನ್ನು ಅಲ್ಲಿಯ ಸಾಮಾನಿನಿಂದಲೇ ಮಾಡಬೇಕು, ಅವರು ಅದನ್ನು ಬಳಸಿದರೆ ಮಾತ್ರ ಪಾಸು. ಅದನ್ನು ನೋಡಲು ಕಾಲೇಜಿನ ಸರ್ ಇವತ್ತು ಮುಂಜಾನೆಯ ಬಸ್ಸಿಗೆ ಮಿಶ್ರಿಕೋಟಿಗೆ ಬರುವವರಿದ್ದರು. ನೀಲಕ್ಕನ ಅಂಗಳದಲ್ಲಿ ಹೆಂಗಸರು ಯಂತ್ರದ ಬಾಜೂಕೇ ಕೂತು, ಎಂದಿನಂತೆ ಕೈಯಿಂದಲೇ ಶೇಂಗಾ ಒಡೆಯುತ್ತಿದ್ದರು.

“ನೀಲಕ್ಕಾ, ಒಂದ್ ಸಲ ತುಳೀರಿ.”

“ಕಾಲು ನೋಯ್ತಾವೋ ತಮ್ಮಾ.”

“ನಿನ್ನೆ ಕೈ ನೋಯ್ತಾವಂದ್ರಿ!”

“ನಿನ್ನಿದು ನಿನ್ನಿಗಿ ಆತು.”

ಹೆಂಗಸರು ನಕ್ಕರು. ಅವನು ಎಣ್ಣೆಡಬ್ಬಿಯನ್ನು ನೆಲಕ್ಕೆ ಕುಕ್ಕಿದ. “ಸಂತಿ ಆದಾಗಿಂದ ಇದ ಆಟ. ಏನಾಗೇತಿ ಇದಕ್ಕ? ಖರೇ ಹೇಳ್ರಿ.”

ನಗು ನಿಂತಿತು. ನೀಲಕ್ಕನ ಅತ್ತೆ ಬಸವಣ್ಣೆವ್ವ ಕಾಲಿಡುವ ಹಲಗೆಯತ್ತ ಗದ್ದ ಚಾಚಿದಳು. “ಅದು ನಮ್ಮ ಹಳೀ ಬಾಗಲದ ಹೊಸ್ತಲಾ ಐತಪಾ. ಲಗ್ನಾಗಿ ಬಂದಾಗಿಂದ ಅರಿಷಿಣ ಕುಂಕುಮ ಹಚ್ಚೇನಿ ಅದಕ್ಕ. ಹೆಂಗ ತುಳೀಲಿ?”

ಹಿತ್ತಲಲ್ಲಿ ಬಿದ್ದಿದ್ದ ಸಾಗವಾನಿ ತೊಲೆ. ಕೊಯ್ದವನು ತಾನೇ, ರಂದಾ ಹೊಡೆದು ನುಣುಪು ಮಾಡಿದವನೂ ತಾನೇ.

“ಕೊಯ್ಯೂ ಮುಂದ ಯಾಕ ಹೇಳ್ಲಿಲ್ಲಬೇ ಆಯಿ?”

“ಮನಿಗಿ ಬಂದ ಹುಡುಗ, ಬಾಯಿಬಿಟ್ಟು ಕೇಳಿದಿ. ಇಲ್ಲ ಅನ್ನಾಕ ಬರ್ತೈತೇನು?”

“ನಮ್ಮ ಅಂಗಾಲಿನ ಅಳತಿ ಕೇಳಿದಿ,” ಎಂದಳು ನೀಲಕ್ಕ. “ಹಲಗಿ ಯಾವದಂತ ಕೇಳ್ಲಿಲ್ಲ.”

ಬೇರೆ ಹಲಗೆ ಹುಡುಕಲು ಎದ್ದ. ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

ಸರ್ ಅವನು ಹೇಳಿದ್ದನ್ನೆಲ್ಲ ಕೇಳಿ ಸಿಡುಕಿದರು. “ಕಟ್ಟಿಗೆ ಅಂದ್ರೆ ಕಟ್ಟಿಗೆ. ಇವರು ಬೇಡ, ನೀನೇ ತುಳಿದು ತೋರಿಸು. ಪಾಸು ಮಾಡ್ತೀನಿ.”

ಇಷ್ಟೇ ತಾನೆ? ಹಾಸ್ಟೆಲಿನಲ್ಲಿ ದೇವರಿಲ್ಲವೆಂದು ವಾದಿಸಿ ಗೆದ್ದವನು ಅವನು. ಹೆಂಗಸರು ಕೈಕೆಲಸ ನಿಲ್ಲಿಸಿ ನೋಡಿದರು. ಬಸವಣ್ಣೆವ್ವ ಮಾತ್ರ ಮೊರದಿಂದ ಕಣ್ಣೆತ್ತಲಿಲ್ಲ. ಅಂದಾನೆಪ್ಪ ಹಲ್ಲು ಕಚ್ಚಿ ಬಲಗಾಲು ಎತ್ತಿದ. ಅಣ್ಣಿಗೇರಿಯ ತನ್ನ ಮನೆಯಲ್ಲಿ ಅವ್ವನ ಕೈ ಹಿಡಿದು ನಡೆಯಲು ಕಲಿತ ಕಾಲು. ಅದು ಹಲಗೆಯನ್ನು ಮುಟ್ಟದೆ ದಾಟಿ ಆಚೆಯ ನೆಲದ ಮೇಲೆ ಊರಿತು.

ಹಿಂದಕ್ಕೆಳೆದು ಮತ್ತೆ ಎತ್ತಿದ. ಮತ್ತೆ ದಾಟಿತು.

“ಥೂ ಇದರ!” ಎಂದ, ಯಾರಿಗೆಂದು ತನಗೇ ತಿಳಿಯದೆ. ಸರ್ ಆಗಲೇ ನೀಲಕ್ಕನನ್ನು ವಾಪಸು ಬಸ್ಸು ಎಷ್ಟು ಗಂಟೆಗೆಂದು ಕೇಳುತ್ತಿದ್ದರು.