ಪ್ರಶ್ನೆಯ ಬೆಂಚಿನಲ್ಲಿ ಮುಫ್ತಿ

2019ರ ಮಾರ್ಚ್ 14, ಗುರುವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಮುಫ್ತಿಗಳು ತಮ್ಮ ಕುರ್ಚಿ ಬಿಟ್ಟು ಮೇಜಿನ ಈಚೆ ಬಂದು, ಪ್ರಶ್ನೆ ಕೇಳುವವರ ಬೆಂಚಿನಲ್ಲಿ ಸೊಸೆಯ ಪಕ್ಕ ಕುಳಿತರು. ಸ್ವಂತ ಮನೆಯ ವಿಷಯದಲ್ಲಿ ತೀರ್ಪು ಹೇಳಬಾರದೆಂಬುದು, ಜನರ ಧರ್ಮಪ್ರಶ್ನೆಗಳಿಗೆ ಉತ್ತರ ಕೊಡುವ ಆ ಮಂಡಳಿಗೆ ಅವರೇ ಹಾಕಿಕೊಟ್ಟ ಕಟ್ಟಳೆ.

"ಆ ಬೆಂಚು ಬೆನ್ನು ಮುರಿಯುತ್ತೆ ಅಂತ ಜನ ಬಡ್ಕೋತಾನೇ ಇದ್ರು, ನೀವು ಕಿವಿಗೆ ಹಾಕ್ಕೊಳ್ಳಲಿಲ್ಲ," ಎಂದರು ಮಂಡಳಿಯ ಹಿರಿಯ ವಿದ್ವಾಂಸರು. ಯಾರೂ ನಗಲಿಲ್ಲ.

ಮುಫ್ತಿಗಳ ಮಗ ತೀರಿಕೊಂಡು ಆರು ತಿಂಗಳಾಗಿತ್ತು. ಕ್ಯಾನ್ಸರ್ ಚಿಕಿತ್ಸೆಗೆ ಮುಂಚೆ ಗಂಡಹೆಂಡತಿ ತಮ್ಮದೊಂದು ಭ್ರೂಣವನ್ನು ಆಸ್ಪತ್ರೆಯಲ್ಲಿ ಹೆಪ್ಪುಗಟ್ಟಿಸಿ ಇಡಿಸಿದ್ದರು. ಅದನ್ನೀಗ ತನ್ನ ಗರ್ಭಕ್ಕೆ ಸೇರಿಸಿಕೊಳ್ಳಬಹುದೇ ಎಂಬುದು ಸೊಸೆಯ ಪ್ರಶ್ನೆ.

ವಿಷಯ ಏನೆಂದು ಪೂರ್ತಿ ತಿಳಿಯದೆ ಅಲ್ಲಿ ಗ್ರಂಥ ತೆರೆಯುವಂತಿಲ್ಲ. ಮಂಡಳಿ ಕರೆಸಿದ್ದ, ಆಸ್ಪತ್ರೆಯ ಪ್ರಯೋಗಾಲಯದ ಡಾಕ್ಟರಮ್ಮ ಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದರು.

"ಜೀವ ಇದೆಯಾ?" ಹಿರಿಯರು ಕೇಳಿದರು.

"ಜೀವಕೋಶಗಳು ಬದುಕಿವೆ. ಹೃದಯ, ನರ ಏನೂ ಆಗಿಲ್ಲ."

"ಬೇರೆಯವರದ್ರ ಜೊತೆ ಅದಲುಬದಲು?"

"ಆಗಲ್ಲ. ಕೊಳವೆ ಮೇಲೇ ಹೆಸರಿದೆ."

ಒಂದೊಂದು ಉತ್ತರಕ್ಕೂ ಸೊಸೆಯ ಮುಖ ಅರಳುತ್ತಿತ್ತು. ಮುಂದಿನ ಪ್ರಶ್ನೆ ಯಾವುದೆಂದು ಗೊತ್ತಿದ್ದ ಮುಫ್ತಿಗಳು ನೆಲ ನೋಡುತ್ತಿದ್ದರು. ಅದನ್ನು ಕೇಳಿದವನು ಅವರ ಕೈಯಲ್ಲೇ ಕಲಿತು ಮಂಡಳಿ ಸೇರಿದ್ದ ಶಿಷ್ಯ.

"ಗಂಡ ತೀರಿಕೊಂಡಾಗ್ಲೇ ಮದುವೆ ಮುಗೀತಲ್ವಾ, ಅಮ್ಮಾ?"

ಮಂಡಳಿಯವರು ಒಳಗೆ ಹೋಗಿ ಬಹಳ ಹೊತ್ತು ಚರ್ಚಿಸಿದರು. ಹೊರಗೆ ಬಂದು, ಮದುವೆಯೇ ಉಳಿದಿಲ್ಲದ ಮೇಲೆ ಒಪ್ಪಿಗೆ ಕೊಡಲು ದಾರಿ ಕಾಣುತ್ತಿಲ್ಲವೆಂದರು.

ಸೊಸೆ ಮಾವನ ಕಡೆ ತಿರುಗಿದಳು. "ಅವತ್ತು ಇಡಿಸಬಹುದು ಅಂದವ್ರು ನೀವೇ ಅಲ್ವಾ, ಮಾವ?"

"ಅವತ್ತು ಅವನಿದ್ದ, ಮಗಳೇ."

"ಇವತ್ತು ನೀವು ಆ ಕಡೆ ಕೂತಿದ್ದಿದ್ರೆ?"

"ನಾನೂ ಇದನ್ನೇ ಹೇಳ್ತಿದ್ದೆ."

ಅವಳು ಎದ್ದು ಬೆಂಚಿನ ಇನ್ನೊಂದು ತುದಿಗೆ ಹೋಗಿ ಕುಳಿತಳು.

ಮರುವಾರ, ಭ್ರೂಣವನ್ನು ಇನ್ನು ಇಡುವುದು ಬೇಡವೆಂದು ಬರೆದುಕೊಡಲು ಆಸ್ಪತ್ರೆಗೆ ಒಬ್ಬಳೇ ಹೋಗುತ್ತೇನೆಂದಳು. ಮುಫ್ತಿಗಳು ನಾಲ್ಕು ಹೆಜ್ಜೆ ಹಿಂದೆಯೇ ಹೋದರು. ಡಾಕ್ಟರಮ್ಮ ಭ್ರೂಣದ ಹೆಪ್ಪು ಕರಗಿಸಿ, ಬಿಸಾಡುವ ಮುಂಚೆ ಸೂಕ್ಷ್ಮದರ್ಶಕದ ಕೆಳಗಿಟ್ಟು, "ನೋಡ್ತೀರಾ?" ಎಂದರು. ಸೊಸೆ ಬಗ್ಗಿ ನೋಡಿದಳು, ತಲೆ ಎತ್ತಲೇ ಇಲ್ಲ. ಕೊನೆಗೆ ಡಾಕ್ಟರಮ್ಮನೇ ಅವಳ ಭುಜ ಹಿಡಿದು ಕೂರಿಸಬೇಕಾಯಿತು.

ಮುಫ್ತಿಗಳು ಕನ್ನಡಕ ತೆಗೆದು ಕಣ್ಣಿಟ್ಟರು. ದುಂಡಗೆ, ತಿಳಿಯಾಗಿತ್ತು. ಇದರಲ್ಲಿ ಮಗನ ಪಾಲು ಯಾವುದೆಂದು ಕೇಳಬೇಕೆನಿಸಿತು.

"ಎಷ್ಟು ದೊಡ್ಡದಿದೆ?" ಎಂದಷ್ಟೇ ಕೇಳಿದರು.

ಡಾಕ್ಟರಮ್ಮ ಅಳತೆಗೆರೆಯನ್ನು ಸರಿಸಿ ಓದಿದರು.

0.16 ಮಿಲಿಮೀಟರ್.