ನೀಲಿ ಗುಳಿಗೆ, ಬಿಳಿ ಗುಳಿಗೆ

ಕುದಿಯುವ ಎಸರಿಗೆ ರಾಗಿಹಿಟ್ಟು ಸುರಿದು ದ್ರಾಕ್ಷಾಯಿಣಿ ಇನ್ನೂ ಕೋಲು ಹಾಕಿರಲಿಲ್ಲ, ಪೂಜೆಯ ಕೋಣೆಯಿಂದ ಮಾವ ಪಂಚಾಕ್ಷರಯ್ಯ ಕೇಳಿದರು. "ನೀಲಿ ಗುಳಿಗೆ ಮತ್ತೆ ಶುರು ಮಾಡಿದ್ಯೇನವ್ವಾ? ಮೂರಿದ್ದದ್ದು ಎರಡೇ ಅವೆ."

ನೀಲಿ ನಿಲ್ಲಿಸಿ ಎರಡು ತಿಂಗಳಾಗಿತ್ತು, ಉಳಿದ ಮೂರು ದೇವರ ತಟ್ಟೆಯಲ್ಲೇ ಇದ್ದವು. ಉರಿ ಸಣ್ಣ ಮಾಡಿ ಓಡಿದಳು. ಬಿಳಿಯ ಪಟ್ಟಿಯಲ್ಲೂ ಒಂದು ಕಡಿಮೆ.

ಆ ಮನೆಯಲ್ಲಿ ಯಾವ ಔಷಧಿ ಬಂದರೂ ಮೊದಲು ಲಿಂಗದ ಮುಂದಿನ ತಟ್ಟೆಗೆ. ಮಂಡಿನೋವಿಗೆ ತೂಕ ಇಳಿಯಲೇಬೇಕು ಅಂದಾಗ ಡಾಕ್ಟರು ಮೊದಲು ಬರೆದದ್ದು ನೀಲಿಯದು. ಊಟದ ಜೊತೆ ನುಂಗಬೇಕು, ಜಿಡ್ಡು ಮುಟ್ಟಬಾರದು. ಕಬ್ಬಾಳಿನ ನೆಂಟರ ಮನೆಯಲ್ಲಿ ತುಪ್ಪ ಸುರಿದ ಹೋಳಿಗೆ ತಿಂದು ಅವಳು ಕಕ್ಕಸಿಗೆ ಓಡೋಡಿ ಪಟ್ಟ ಪಾಡು ನೆಂಟರೇ ಇನ್ನೂ ಹೇಳಿಕೊಂಡು ನಗುತ್ತಾರೆ. ಆಮೇಲೆ ಬಂದದ್ದು ಬಿಳಿಯದು. ಬೆಳಿಗ್ಗೆ ಬರೀ ಹೊಟ್ಟೆಗೆ, ಒಂದು ಗುಟುಕು ನೀರಲ್ಲಿ. ಅರ್ಧ ಗಂಟೆ ಬೇರೇನೂ ಕೂಡದು. ಆದರೆ ತೀರ್ಥಕ್ಕಿಂತ ಮೊದಲು ನಾಲಿಗೆಗೆ ಏನೂ ಸೋಕಿಸದ ಮನೆ. ತೀರ್ಥ ಕುಡಿದು, ಬಾಳೆಹಣ್ಣಿನ ಪ್ರಸಾದದ ಜೊತೆಗೇ ಗುಳಿಗೆ ನುಂಗಿ ಮೂರು ವಾರ ಕಳೆದಳು. ತೂಕದ ಮುಳ್ಳು ಅಲ್ಲಾಡಲಿಲ್ಲ. ಔಷಧಿ ಅಂಗಡಿಯ ಅನೀಸ್ ಕೇಳಿ ಹಣೆ ಚಚ್ಚಿಕೊಂಡ. ತೀರ್ಥಕ್ಕಿಂತ ಗುಳಿಗೆಯೇ ಮೊದಲು ಅಂತ ಅವನು ಹೇಳಿದ್ದಕ್ಕೆ ಮಾವ ಎರಡು ದಿನ ಮುನಿಸಿಕೊಂಡರು. ಮೂರನೆಯ ದಿನ ಪೂಜೆಯನ್ನೇ ಅರ್ಧ ಗಂಟೆ ಮುಂದಕ್ಕೆ ಹಾಕಿದರು. ನಿನ್ನೆಯ ಪೂಜೆಯಲ್ಲಿ ಇಟ್ಟ ಗುಳಿಗೆಯೂ ಪ್ರಸಾದವೇ, ಮೊದಲು ನುಂಗಿದರೆ ತಪ್ಪಿಲ್ಲ ಅಂದರು.

ಪ್ರಸಾದ ಅಂದಮೇಲೆ ಮಕ್ಕಳಿಗೆ ತಡೆಯುಂಟೇ?

ಹನ್ನೊಂದು ವರ್ಷದ ಮಗಳು ಶ್ರುತಿ ನಿನ್ನೆ ಸಂಜೆ ಅರ್ಧ ಮುದ್ದೆ ಬಿಟ್ಟು ಎದ್ದಿದ್ದಳು. ಫೋನ್ ಮಾಡಿದರೆ ಅನೀಸ್ ತಮಾಷೆ ಮಾಡಲಿಲ್ಲ. ದೊಡ್ಡವರ ಗುಳಿಗೆ ಅಕ್ಕ ಅದು, ನುಂಗಿದ್ದರೆ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಹೆದರಿಸಿದರೆ ಮಗು ನಿಜ ಹೇಳಲ್ಲ ಅಂದ. ಒಳಗೆ ಹಿಟ್ಟು ತಳ ಹಿಡಿದು ಸೀದ ವಾಸನೆ ಬರುತ್ತಿತ್ತು.

ಶ್ರುತಿ ಜಗಲಿಯಲ್ಲಿ ಯೂನಿಫಾರಂ ಹಾಕಿಕೊಂಡು ಕೂತಿದ್ದಳು. ದ್ರಾಕ್ಷಾಯಿಣಿ ಹಿಂದೆ ಕೂತು ಬಾಚಣಿಗೆ ತೆಗೆದುಕೊಂಡಳು. ಬೈತಲೆ ಮೂರು ಸಲ ಸೊಟ್ಟಗಾಯಿತು.

"ಹೊಟ್ಟೆ ನೋಯ್ತಾ ಐತಾ ಕಂದ?"

ಮಗಳು ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ತಟ್ಟೇಲಿದ್ದದ್ದು ಏನಾದ್ರೂ ನುಂಗಿದ್ಯಾ? ಬಯ್ಯಲ್ಲ, ಹೇಳು."

ಮಗಳು ಶಾಲೆಯ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಮೊನ್ನೆ ತಂಗಿಗೆ ಫೋನಿನಲ್ಲಿ ಎರಡು ಗುಳಿಗೆಗೂ ಇರುವ ವ್ಯತ್ಯಾಸ ಹೇಳುತ್ತ ತಾನೇ ಆಡಿದ ಮಾತು ದ್ರಾಕ್ಷಾಯಿಣಿಗೆ ನೆನಪಾಯಿತು: ಕನ್ನಡಿ ಮುಂದೆ ನಿಂತರೆ ನನಗೇ ಅಸಹ್ಯ ಕಣೇ. ಆಗ ಶ್ರುತಿ ಪಕ್ಕದಲ್ಲೇ ಲೆಕ್ಕ ಮಾಡುತ್ತಿದ್ದಳು. ಮನೆಗೆ ಬಂದವರೆಲ್ಲ ಇವಳ ಕೆನ್ನೆ ಹಿಂಡಿ, ಅಮ್ಮನ ಅಚ್ಚು ಅನ್ನುತ್ತಾರೆ.

ಶ್ರುತಿ ಚೀಲದಿಂದ ಜಾಮಿಟ್ರಿ ಬಾಕ್ಸ್ ತೆಗೆದಳು. ಕೈವಾರದ ಪಕ್ಕದಲ್ಲಿ ನೀಲಿಯದೊಂದು, ಬಿಳಿಯದೊಂದು. ಎರಡೂ ಇದ್ದವು. ದ್ರಾಕ್ಷಾಯಿಣಿಯ ಉಸಿರು ಮರಳುವುದರೊಳಗೆ ಮಗಳು ತಿರುಗಿ ಕೂತು, ಕಣ್ಣಲ್ಲಿ ಕಣ್ಣಿಟ್ಟು ಕೇಳಿಯೇ ಬಿಟ್ಟಳು.

"ಅಮ್ಮಾ, ನಾನು ನಿನ್ನ ಥರಾನೇ ಅಲ್ವಾ? ಇವೆರಡ್ರಲ್ಲಿ ನಂಗ್ಯಾವ್ದು?"